ಜೀವಂತ ದಾನಿಯಿಂದ ಯಕೃತ್ತಿನ ಕಸಿ: ವಯಸ್ಕರಲ್ಲಿ ಕಾಣುವ ತೊಡಕುಗಳನ್ನು ಸಕಾಲದಲ್ಲಿ ಗುರುತಿಸುವ ಬಗೆ

ಯಕೃತ್ತಿನ ಕಸಿ ಮುಗಿದ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ, ಆಪರೇಷನ್ ಯಶಸ್ವಿಯಾಯಿತೇ ಎಂಬುದು. ಆ ದಿನ ವೈದ್ಯರು ಕೊಡಬಹುದಾದದ್ದು ಅರ್ಧ ಉತ್ತರ ಮಾತ್ರ. ಜೋಡಿಸಿದ ರಕ್ತನಾಳಗಳು ಹೆಪ್ಪುಗಟ್ಟದೆ ಉಳಿದವೇ ಎಂಬುದು ಮೊದಲ ವಾರ ಎರಡು ವಾರಗಳಲ್ಲಿ ಗೊತ್ತಾಗುತ್ತದೆ. ಪಿತ್ತ ಸೋರುತ್ತಿದೆಯೇ ಎಂಬುದಕ್ಕೆ ಕೆಲವು ವಾರ ಬೇಕು. ಪಿತ್ತನಾಳದ ಜೋಡಣೆ ಕಿರಿದಾಗುತ್ತಿದೆಯೇ ಎಂಬುದು ತಿಳಿಯಲು ತಿಂಗಳುಗಳೇ ಹಿಡಿಯಬಹುದು. ಪ್ರತಿಯೊಂದು ತೊಡಕಿಗೂ ಅದರದೇ ಆದ ಕಾಲವಿದೆ, ಅದರದೇ ಆದ ಲಕ್ಷಣವಿದೆ. ಅದನ್ನು ಮೊದಲೇ ತಿಳಿದಿಟ್ಟುಕೊಂಡ ಕುಟುಂಬವು ಅನಗತ್ಯವಾಗಿ ಗಾಬರಿಯಾಗುವುದಿಲ್ಲ, ಗಾಬರಿಯಾಗಬೇಕಾದ ಹೊತ್ತಿನಲ್ಲಿ ಸುಮ್ಮನೆ ಕೂರುವುದೂ ಇಲ್ಲ. ರೋಗಿಯ ಜೊತೆಗೆ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಚಿಕಿತ್ಸೆಯ ತೀರ್ಮಾನ ಯಾವತ್ತೂ ಕಸಿ ತಂಡದ್ದೇ. ಆ ತಂಡಕ್ಕೆ ಸರಿಯಾದ ಸುದ್ದಿ ಸರಿಯಾದ ಹೊತ್ತಿಗೆ ತಲುಪುವಂತೆ ನೋಡಿಕೊಳ್ಳುವ ಕೆಲಸ ಮಾತ್ರ ಜೊತೆಗಿರುವವರದು.

ವಯಸ್ಕರಿಂದ ವಯಸ್ಕರಿಗೆ ಯಕೃತ್ತಿನ ಭಾಗವನ್ನು ಕಸಿ ಮಾಡುವ ಪದ್ಧತಿ ಹೆಚ್ಚು ಹಳೆಯದಲ್ಲ. 1993ರಲ್ಲಿ ಜಪಾನಿನ ಶಿನ್ಶು ವಿಶ್ವವಿದ್ಯಾಲಯದ ತಂಡ ಯಕೃತ್ತಿನ ಎಡಭಾಗವನ್ನು ಬಳಸಿ ಇದನ್ನು ಸಾಧಿಸಿತು. ಎಡಭಾಗ ಚಿಕ್ಕದು, ದೊಡ್ಡ ದೇಹಕ್ಕೆ ಸಾಲದು ಎಂಬ ತೊಂದರೆಗೆ 1996ರಲ್ಲಿ ಹಾಂಗ್‌ಕಾಂಗ್‌ನ ತಂಡ ಬಲಭಾಗವನ್ನು ಬಳಸಿ ಪರಿಹಾರ ತೋರಿಸಿತು. ಇಂದು ಬಹುತೇಕ ವಯಸ್ಕರಿಗೆ ಸಿಗುವುದು ಬಲಭಾಗ, ಅಂದರೆ ದಾನಿಯ ಯಕೃತ್ತಿನ ಸುಮಾರು ಶೇ. 60ರಿಂದ 65. ಮೃತ ದಾನಿಯಿಂದ ಬರುವ ಇಡೀ ಯಕೃತ್ತಿಗೂ ಇದಕ್ಕೂ ಇರುವ ವ್ಯತ್ಯಾಸದಲ್ಲೇ ಬಹುತೇಕ ತೊಡಕುಗಳ ಮೂಲವಿದೆ: ಅಂಗ ಪೂರ್ಣವಲ್ಲ, ಅದರ ಒಂದು ಮೈ ಕತ್ತರಿಸಿದ್ದು, ಮತ್ತು ಅದಕ್ಕೆ ಹೋಗುವ ಅಪಧಮನಿಯೂ ಅದರಿಂದ ಹೊರಡುವ ಪಿತ್ತನಾಳವೂ ಕೆಲವೇ ಮಿಲಿಮೀಟರ್ ಅಗಲದ ಗಿಡ್ಡ ಕವಲುಗಳು.

ಆಪರೇಷನ್ನಿಗೆ ಮೊದಲು ಕೇಳಿ ತಿಳಿಯಬೇಕಾದದ್ದು

ತೊಡಕುಗಳ ಲೆಕ್ಕಾಚಾರ ಆರಂಭವಾಗುವುದು ಸ್ಕ್ಯಾನ್ ಕೋಣೆಯಲ್ಲಿ. ದಾನಿಯ ಸಿಟಿ ಸ್ಕ್ಯಾನ್ ನೋಡಿ, ಕೊಡಲಿರುವ ಭಾಗದ ತೂಕವನ್ನು ಅಂದಾಜು ಮಾಡಿ, ಅದನ್ನು ಪಡೆಯುವವರ ದೇಹತೂಕದೊಂದಿಗೆ ಹೋಲಿಸುತ್ತಾರೆ. ಕಸಿಭಾಗದ ತೂಕ ದೇಹತೂಕದ ಶೇ. 0.8ಕ್ಕೆ ಕಡಿಮೆ ಇರಬಾರದೆಂಬುದು ಬಹುಕಾಲದಿಂದ ಪಾಲಿಸಿಕೊಂಡು ಬಂದ ನಿಯಮ. 70 ಕೆಜಿ ತೂಗುವವರಿಗೆ ಇದು 560 ಗ್ರಾಂ ಆಗುತ್ತದೆ. ಅನುಭವಿ ಕೇಂದ್ರಗಳು ಆಯ್ದ ರೋಗಿಗಳಲ್ಲಿ ಶೇ. 0.6ರವರೆಗೂ ಇಳಿಯುತ್ತವೆ, ಆದರೆ ಆಗ ಯಕೃತ್ತಿಗೆ ನುಗ್ಗುವ ರಕ್ತದ ಒತ್ತಡವನ್ನು ತಗ್ಗಿಸುವ ಹೆಚ್ಚುವರಿ ಕ್ರಮಗಳು ಬೇಕಾಗುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಯ ತೂಕದಲ್ಲಿ ಆ ನೀರೂ ಸೇರಿರುವುದರಿಂದ, ಯಾವ ತೂಕವನ್ನು ಹಿಡಿದು ಲೆಕ್ಕ ಹಾಕಿದ್ದಾರೆ ಎಂದು ಕೇಳುವುದು ತಪ್ಪಲ್ಲ.

ಇನ್ನೊಂದು ಅಷ್ಟೇ ಮುಖ್ಯವಾದ ಸಂಖ್ಯೆ ದಾನಿಯಲ್ಲಿ ಉಳಿಯುವ ಭಾಗದ್ದು. ಒಟ್ಟು ಯಕೃತ್ತಿನ ಕನಿಷ್ಠ ಶೇ. 30 ಉಳಿಯಲೇಬೇಕು, ದಾನಿಗೆ ವಯಸ್ಸಾಗಿದ್ದರೆ ಅಥವಾ ಯಕೃತ್ತಿನಲ್ಲಿ ಕೊಬ್ಬಿನಂಶವಿದ್ದರೆ ವೈದ್ಯರು ಅದಕ್ಕಿಂತ ಹೆಚ್ಚನ್ನು ಉಳಿಸಲು ಬಯಸುತ್ತಾರೆ. ಮೂರನೆಯದಾಗಿ ಪಿತ್ತನಾಳದ ರಚನೆ. ಎಂಆರ್‌ಸಿಪಿ ಸ್ಕ್ಯಾನಿನಲ್ಲಿ ಬಲಭಾಗದಿಂದ ಒಂದೇ ನಾಳ ಹೊರಡುತ್ತದೆಯೋ ಎರಡು ಮೂರು ಹೊರಡುತ್ತವೆಯೋ ಎಂಬುದು ಕಾಣುತ್ತದೆ. ಜೋಡಿಸಬೇಕಾದ ನಾಳಗಳು ಹೆಚ್ಚಿದಷ್ಟೂ ಸೋರಿಕೆಗೂ ಕಿರಿದಾಗುವಿಕೆಗೂ ಅವಕಾಶ ಹೆಚ್ಚು. ರಕ್ತದ ಗುಂಪು ಹೊಂದದಿದ್ದರೂ ಇಂದು ಕಸಿ ಸಾಧ್ಯವಿದೆ. ಅದಕ್ಕೆ ರಿಟುಕ್ಸಿಮ್ಯಾಬ್ ಎಂಬ ಔಷಧವನ್ನು ಮುಂಚಿತವಾಗಿ ಕೊಟ್ಟು, ಅಗತ್ಯವಿದ್ದರೆ ಪ್ಲಾಸ್ಮಾ ಬದಲಿಸುತ್ತಾರೆ. ಆದರೆ ಅಂಥವರಲ್ಲಿ ಸೋಂಕಿನ ಭಯ ಜಾಸ್ತಿ, ಮತ್ತು ಯಕೃತ್ತಿನೊಳಗಿನ ಸಣ್ಣ ಪಿತ್ತನಾಳಗಳು ಅಲ್ಲಲ್ಲಿ ಕಿರಿದಾಗುವ ಕಠಿಣ ತೊಡಕೊಂದು ಕಾಣಿಸಿಕೊಳ್ಳಬಹುದು ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಅರಿತಿರಬೇಕು.

ದಾನಿಯ ವಿಷಯ

ದಾನಿಗೆ ಬರಬಹುದಾದ ತೊಡಕುಗಳನ್ನು ಕೊನೆಯಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಅದು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಯಾವ ಕಾಯಿಲೆಯೂ ಇಲ್ಲದೆ, ತನಗೆ ಬೇಡದ ಶಸ್ತ್ರಚಿಕಿತ್ಸೆಗೆ ಒಡ್ಡಿಕೊಂಡವರು ಅವರು. ಬಲಭಾಗ ಕೊಡುವವರಲ್ಲಿ ಸಾವಿನ ಅಪಾಯವನ್ನು ಸಾಮಾನ್ಯವಾಗಿ ಸಾವಿರಕ್ಕೆ 2ರಿಂದ 5 ಎಂದು ಹೇಳುತ್ತಾರೆ. ಎಡಭಾಗಕ್ಕೆ ಅದಕ್ಕಿಂತ ಕಡಿಮೆ. ಸಣ್ಣಪುಟ್ಟದ್ದನ್ನೂ ಸೇರಿಸಿ ಎಣಿಸಿದರೆ ಐವರಲ್ಲಿ ಒಬ್ಬರಿಗಾದರೂ ಏನಾದರೊಂದು ತೊಡಕು ಕಾಣಿಸಿಕೊಳ್ಳುತ್ತದೆ, ಅವುಗಳಲ್ಲಿ ಹೆಚ್ಚಿನವು ಔಷಧಿಯಿಂದ ಅಥವಾ ತಾವಾಗಿಯೇ ವಾಸಿಯಾಗುವಂಥವು. ತೊಡಕುಗಳ ತೀವ್ರತೆಯನ್ನು ವೈದ್ಯರು ಕ್ಲಾವಿಯನ್-ಡಿಂಡೊ ಎಂಬ ಐದು ದರ್ಜೆಗಳ ಅಳತೆಯಲ್ಲಿ ಹೇಳುತ್ತಾರೆ. ಒಂದನೆಯದಕ್ಕೆ ವಿಶೇಷ ಚಿಕಿತ್ಸೆಯೇ ಬೇಡ, ಮೂರನೆಯದಕ್ಕೆ ಎಂಡೋಸ್ಕೋಪಿಯೋ ಮರುಶಸ್ತ್ರಚಿಕಿತ್ಸೆಯೋ ಬೇಕು, ಐದನೆಯದು ಮರಣ. ನಿಮ್ಮ ಕೇಂದ್ರದ ದಾನಿಗಳಲ್ಲಿ ಮೂರನೆಯ ದರ್ಜೆ ಹಾಗೂ ಮೇಲ್ಪಟ್ಟ ತೊಡಕುಗಳು ಎಷ್ಟು ಎಂದು ನೇರವಾಗಿ ಕೇಳಿ; ಒಳ್ಳೆಯ ತಂಡ ಈ ಪ್ರಶ್ನೆಗೆ ಮುಜುಗರಪಡುವುದಿಲ್ಲ.

ದಾನಿಯಲ್ಲಿ ಗಮನಿಸಬೇಕಾದದ್ದು ಮುಖ್ಯವಾಗಿ ಕತ್ತರಿಸಿದ ಮೈಯಿಂದ ಪಿತ್ತದ ಸೋರಿಕೆ, ರಕ್ತಸ್ರಾವ, ಎದೆಯ ಬಲಭಾಗದಲ್ಲಿ ಶ್ವಾಸಕೋಶದ ಸುತ್ತ ನೀರು ನಿಲ್ಲುವುದು, ಗಾಯದ ಸೋಂಕು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಜ್ವರ, ಬಲಭುಜಕ್ಕೆ ಹರಿಯುವ ನೋವು, ಹೊಟ್ಟೆ ಉಬ್ಬರ, ಊಟ ಸೇರದಿರುವುದು ಒಟ್ಟಿಗೆ ಬಂದರೆ ಒಳಗೆ ಪಿತ್ತ ಕಟ್ಟಿಕೊಂಡಿರಬಹುದು. ಒಂದೇ ಕಾಲಿನ ಮೀನಖಂಡದಲ್ಲಿ ಊತ ನೋವು ಬಂದರೆ, ಅಥವಾ ಇದ್ದಕ್ಕಿದ್ದಂತೆ ಉಸಿರುಗಟ್ಟಿದಂತಾದರೆ, ಕಾಲಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರುವ ಅಥವಾ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರುವ ಸಾಧ್ಯತೆ ಇದೆ. ಇಲ್ಲಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಪರೇಷನ್ನಿನ ಮರುದಿನದಿಂದಲೇ ಎಬ್ಬಿಸಿ ನಡೆಸುವುದು, ಉಸಿರಾಟದ ವ್ಯಾಯಾಮ ಮಾಡಿಸುವುದು ಈ ಕಾರಣಕ್ಕೇ. ಉಳಿದ ಯಕೃತ್ತು ಮೊದಲ ಕೆಲವು ವಾರಗಳಲ್ಲೇ ವೇಗವಾಗಿ ಬೆಳೆಯುತ್ತದೆ, ಕೆಲವು ತಿಂಗಳಲ್ಲಿ ಹಳೆಯ ಗಾತ್ರದ ಬಹುಪಾಲನ್ನು ಮರಳಿ ಪಡೆಯುತ್ತದೆ. ಆದರೆ ಹೊಟ್ಟೆಯ ಗೋಡೆ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ತಂಡ ಹೇಳಿದ ಅವಧಿಯವರೆಗೆ ಭಾರ ಎತ್ತದಿರುವುದು ಹರ್ನಿಯಾ ತಡೆಯುವ ದಾರಿ. ಗಾಯದ ಸುತ್ತ ಜೋಮು, ದಣಿವು, ಕೆಲವರಲ್ಲಿ ಮಂಕು ಕವಿದಂಥ ಮನಸ್ಸು ತಿಂಗಳುಗಳ ಕಾಲ ಇರಬಹುದು. ಕಸಿ ಪಡೆದವರು ಉಳಿಯದೇ ಹೋದ ಮನೆಗಳಲ್ಲಿ ದಾನಿಗೆ ಆಪ್ತಸಲಹೆ ಅತ್ಯಗತ್ಯವಾಗಿ ಬೇಕು, ಅದನ್ನು ಅವರಾಗಿಯೇ ಕೇಳಲಿ ಎಂದು ಬಿಡಬಾರದು.

ಮೊದಲ ಎರಡು ವಾರ: ರಕ್ತನಾಳ ಮತ್ತು ಗಾತ್ರ

ಕಸಿ ಪಡೆದವರ ಐಸಿಯು ದಿನಗಳಲ್ಲಿ ವೈದ್ಯರು ಪ್ರತಿದಿನ, ಕೆಲವೆಡೆ ದಿನಕ್ಕೆರಡು ಬಾರಿ, ಹೊಟ್ಟೆಯ ಮೇಲೆ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ. ಇದು ಮಾಮೂಲಿ ತಪಾಸಣೆಯಂತೆ ಕಂಡರೂ ಆ ದಿನಗಳ ಅತಿ ಮುಖ್ಯ ಪರೀಕ್ಷೆ. ಯಕೃತ್ತಿನ ಅಪಧಮನಿ ಹೆಪ್ಪುಗಟ್ಟಿದರೆ ಪಿತ್ತನಾಳಗಳಿಗೆ ರಕ್ತವೇ ಇಲ್ಲದಂತಾಗುತ್ತದೆ, ಏಕೆಂದರೆ ಯಕೃತ್ತಿನ ಜೀವಕೋಶಗಳಿಗೆ ಕರುಳಿನಿಂದ ರಕ್ತ ತರುವ ಪೋರ್ಟಲ್ ಸಿರೆಯಿಂದಲೂ ಆಮ್ಲಜನಕ ಸಿಗುತ್ತದಾದರೂ ಪಿತ್ತನಾಳಗಳು ಬಹುಮಟ್ಟಿಗೆ ಅಪಧಮನಿಯೊಂದನ್ನೇ ನೆಚ್ಚಿಕೊಂಡಿವೆ. ರೋಗಿಗೆ ಯಾವ ನೋವೂ ಇಲ್ಲದಿರಬಹುದು. ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಲಿವರ್ ಎನ್‌ಜೈಮುಗಳು ಇಳಿಯುವ ಬದಲು ಏರುವುದು, ಸ್ಕ್ಯಾನಿನಲ್ಲಿ ಹರಿವು ಕಾಣದಿರುವುದು, ಇಷ್ಟೇ ಸೂಚನೆ. ಗಂಟೆಗಳೊಳಗೆ ರಕ್ತನಾಳದ ಒಳಗಿನಿಂದಲೋ ಮತ್ತೆ ಹೊಟ್ಟೆ ತೆರೆದೋ ಹರಿವನ್ನು ಮರಳಿಸಲು ಯತ್ನಿಸುತ್ತಾರೆ, ಅದು ಆಗದಿದ್ದರೆ ಮರುಕಸಿಯ ಮಾತು ಬರುತ್ತದೆ. ಹೀಗಾಗಿ ನಡುರಾತ್ರಿ ತುರ್ತು ಸ್ಕ್ಯಾನ್ ಅಥವಾ ತುರ್ತು ಶಸ್ತ್ರಚಿಕಿತ್ಸೆ ಎಂದು ಕರೆ ಬಂದರೆ, ತಂಡ ಎಡವಿದೆ ಎಂದು ತಿಳಿಯಬೇಕಿಲ್ಲ. ಬೇಗ ಕಂಡುಹಿಡಿದಿದೆ ಎಂದು ತಿಳಿಯಬಹುದು. ಪೋರ್ಟಲ್ ಸಿರೆಯಲ್ಲೂ ಹೆಪ್ಪುಗಟ್ಟಬಹುದು, ಮೊದಲೇ ಅಲ್ಲಿ ಹೆಪ್ಪು ಇದ್ದವರಲ್ಲಿ ಹೆಚ್ಚಾಗಿ. ಯಕೃತ್ತಿನಿಂದ ರಕ್ತ ಹೊರಹೋಗುವ ಸಿರೆ ಇಕ್ಕಟ್ಟಾದರೆ ಕಸಿಭಾಗ ಊದಿಕೊಂಡು ಹೊಟ್ಟೆಯಲ್ಲಿ ನೀರು ಹೆಚ್ಚುತ್ತದೆ. ಇದಕ್ಕೆ ಬಲೂನಿನಿಂದ ಹಿಗ್ಗಿಸುವುದು ಅಥವಾ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಕೊಳವೆ) ಇಡುವುದು ಬಹುಮಟ್ಟಿಗೆ ಸಾಕಾಗುತ್ತದೆ.

ಜೀವಂತ ದಾನಿಯ ಕಸಿಯಲ್ಲೇ ಹೆಚ್ಚಾಗಿ ಕಾಣುವ ಇನ್ನೊಂದು ತೊಡಕು, ದೇಹಕ್ಕೆ ಸಾಲದಷ್ಟು ಸಣ್ಣ ಕಸಿಭಾಗದಿಂದ ಬರುವಂಥದ್ದು. ಸಿರೋಸಿಸ್ ಇದ್ದವರ ಪೋರ್ಟಲ್ ಸಿರೆಯಲ್ಲಿ ರಕ್ತದ ಹರಿವೂ ಒತ್ತಡವೂ ಹೆಚ್ಚಿರುತ್ತವೆ. ಸಣ್ಣ ಕಾಲುವೆಗೆ ದೊಡ್ಡ ಹೊಳೆಯನ್ನು ತಿರುಗಿಸಿದರೆ ದಂಡೆ ಕೊಚ್ಚಿಹೋಗುವಂತೆ, ಅಷ್ಟೂ ರಕ್ತ ಅರ್ಧ ಯಕೃತ್ತಿನೊಳಗೆ ನುಗ್ಗಿದಾಗ ಅದರ ಸೂಕ್ಷ್ಮ ರಕ್ತನಾಳಗಳಿಗೆ ಹಾನಿಯಾಗುತ್ತದೆ. ಗಾತ್ರಕ್ಕಿಂತ ಈ ಒತ್ತಡವೇ ಮುಖ್ಯ ಕಾರಣವೆಂದು ಈಗ ತಿಳಿದಿರುವುದರಿಂದ, ಆಪರೇಷನ್ ವೇಳೆಯಲ್ಲೇ ಪೋರ್ಟಲ್ ಒತ್ತಡವನ್ನು ಅಳೆದು, ಅದನ್ನು ಸುಮಾರು 15 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿಡಲು ಗುಲ್ಮದ (ಸ್ಪ್ಲೀನ್) ಅಪಧಮನಿಯನ್ನು ಕಟ್ಟುವುದು, ಗುಲ್ಮವನ್ನೇ ತೆಗೆಯುವುದು ಅಥವಾ ರಕ್ತದ ಒಂದು ಪಾಲನ್ನು ಬೇರೆಡೆಗೆ ಹರಿಸುವುದು ರೂಢಿಯಲ್ಲಿದೆ. ಮನೆಯವರಿಗೆ ಕಾಣುವ ಚಿತ್ರ ಹೀಗಿರುತ್ತದೆ: ದಿನಗಳು ಕಳೆದರೂ ಕಣ್ಣಿನ ಹಳದಿ ಇಳಿಯುವುದಿಲ್ಲ, ಹೊಟ್ಟೆಯೊಳಗಿನ ದ್ರವವನ್ನು ಹೊರತರುವ ಡ್ರೈನ್ ಕೊಳವೆಯಿಂದ ದಿನಕ್ಕೆ ಲೀಟರುಗಟ್ಟಲೆ ನೀರು ಬರುತ್ತಲೇ ಇರುತ್ತದೆ, ರಕ್ತ ಹೆಪ್ಪುಗಟ್ಟುವಿಕೆಯ ಅಳತೆಯಾದ ಐಎನ್‌ಆರ್ ಸುಧಾರಿಸುವುದಿಲ್ಲ, ರೋಗಿ ಮಂಪರಿನಲ್ಲಿರುತ್ತಾರೆ. ಕಸಿಭಾಗ ಬೆಳೆಯುತ್ತಿದ್ದಂತೆ ಹಲವರು ಇದರಿಂದ ನಿಧಾನವಾಗಿ ಪಾರಾಗುತ್ತಾರೆ. ಆ ವಾರಗಳಲ್ಲಿ ಸೋಂಕು ತಗಲದಂತೆ ಕಾಯುವುದೇ ಅರ್ಧ ಚಿಕಿತ್ಸೆ, ಆದ್ದರಿಂದ ನೋಡಲು ಬರುವವರನ್ನು ನಯವಾಗಿ ತಡೆಯಿರಿ.

ಪಿತ್ತನಾಳ: ತಾಳ್ಮೆ ಬೇಡುವ ತೊಡಕು

ಜೀವಂತ ದಾನಿಯ ಕಸಿಯಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಪಿತ್ತನಾಳವೇ. ವರದಿಗಳಲ್ಲಿ ಇದರ ಪ್ರಮಾಣ ಸುಮಾರು ಶೇ. 15ರಿಂದ 30ರವರೆಗೆ ಇದೆ, ಇಡೀ ಯಕೃತ್ತಿನ ಕಸಿಗಿಂತ ಹೆಚ್ಚು. ಇದರಲ್ಲಿ ಎರಡು ಬಗೆ: ಬೇಗ ಬರುವ ಸೋರಿಕೆ, ತಡವಾಗಿ ಬರುವ ಇಕ್ಕಟ್ಟು.

ಸೋರಿಕೆಯನ್ನು ಡ್ರೈನ್ ಚೀಲ ಹೇಳುತ್ತದೆ. ಮೊದಲ ದಿನ ಕೆಂಪು ಬೆರೆತ ನೀರು, ಆಮೇಲೆ ಒಣಹುಲ್ಲಿನ ಬಣ್ಣ, ಆಮೇಲೆ ಪ್ರಮಾಣ ಇಳಿಮುಖ: ಇದು ಸಹಜವಾದ ಕ್ರಮ. ಆ ತಿಳಿಹಳದಿ ಕಡು ಹಳದಿಗೋ ಹಸಿರು ಮಿಶ್ರಿತ ಕಂದಿಗೋ ತಿರುಗಿದರೆ ನರ್ಸ್‌ಗೆ ಕೂಡಲೇ ತೋರಿಸಿ. ಬಣ್ಣ ನೋಡಿ ಮಾತ್ರ ತೀರ್ಮಾನಿಸುವುದಿಲ್ಲ. ಡ್ರೈನಿನ ನೀರಿನಲ್ಲಿರುವ ಬಿಲಿರುಬಿನ್ (ಪಿತ್ತದ ಹಳದಿ ವಸ್ತು), ಆಪರೇಷನ್ನಿನ ನಂತರದ ಮೂರನೆಯ ದಿನದಿಂದೀಚೆಗೆ, ರಕ್ತದಲ್ಲಿರುವುದರ ಮೂರು ಪಟ್ಟು ಅಥವಾ ಹೆಚ್ಚಿದ್ದರೆ ಅದನ್ನು ಸೋರಿಕೆ ಎನ್ನುತ್ತಾರೆ. ಕತ್ತರಿಸಿದ ಮೈಯಿಂದಾದ ಸಣ್ಣ ಸೋರಿಕೆ ಡ್ರೈನ್ ಉಳಿಸಿಕೊಂಡರೆ ತಾನಾಗಿ ಮುಚ್ಚುತ್ತದೆ. ಜೋಡಣೆಯಿಂದ ಸೋರುತ್ತಿದ್ದರೆ ಇಆರ್‌ಸಿಪಿ (ಬಾಯಿಯ ದಾರಿಯಿಂದ ಪಿತ್ತನಾಳ ತಲುಪುವ ಎಂಡೋಸ್ಕೋಪಿ) ಮೂಲಕ ಸ್ಟೆಂಟ್, ಹೊರಗೆ ಪಿತ್ತ ಸಂಗ್ರಹವಾಗಿದ್ದರೆ ಸ್ಕ್ಯಾನ್ ನೋಡುತ್ತಾ ಕೊಳವೆ ಹಾಕುವುದು, ಅಪರೂಪಕ್ಕೆ ಮರುಶಸ್ತ್ರಚಿಕಿತ್ಸೆ. ಪ್ರತಿದಿನ ಒಂದೇ ಹೊತ್ತಿಗೆ ಡ್ರೈನಿನ ಪ್ರಮಾಣ, ಬಣ್ಣ ಎರಡನ್ನೂ ಬರೆದಿಡುವ ಪುಸ್ತಕವೊಂದು ನಿಮ್ಮ ಬಳಿಯೂ ಇರಲಿ, ವಿಶೇಷವಾಗಿ ಕೊಳವೆಯೊಂದಿಗೇ ಮನೆಗೆ ಕಳಿಸಿದ್ದರೆ.

ಇಕ್ಕಟ್ಟು ಇದಕ್ಕಿಂತ ಮೌನವಾದದ್ದು. ರೋಗಿ ಮನೆಗೆ ಬಂದು, ಹಸಿವು ಮರಳಿ, ಎಲ್ಲ ಸರಿಹೋಯಿತು ಎನ್ನುವಾಗ ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಎಂಬ ಎನ್‌ಜೈಮುಗಳು ಮೆಲ್ಲಗೆ ಏರತೊಡಗುತ್ತವೆ. ಬಿಲಿರುಬಿನ್ ಏರುವುದು, ಮೈ ತುರಿಕೆ, ಮೂತ್ರ ಕಡುಹಳದಿಯಾಗುವುದು, ಮಲ ಬಿಳಿಚಿಕೊಳ್ಳುವುದು ಆಮೇಲೆ. ಚಳಿ ನಡುಕದೊಂದಿಗೆ ಜ್ವರ ಬಂದರೆ ತಡೆಹಿಡಿದ ಪಿತ್ತದಲ್ಲಿ ಸೋಂಕು ಸೇರಿದೆ ಎಂದರ್ಥ, ಅದು ತುರ್ತು ಸ್ಥಿತಿ. ಎಂಆರ್‌ಸಿಪಿಯಲ್ಲಿ ಇಕ್ಕಟ್ಟು ಕಂಡರೆ ಇಆರ್‌ಸಿಪಿ ಮಾಡಿ ಬಲೂನಿನಿಂದ ಹಿಗ್ಗಿಸಿ ಸ್ಟೆಂಟ್ ಇಡುತ್ತಾರೆ. ಪಿತ್ತನಾಳವನ್ನು ಸಣ್ಣ ಕರುಳಿಗೆ ಜೋಡಿಸಿದ್ದಲ್ಲಿ ಬಾಯಿಯ ದಾರಿಯಿಂದ ತಲುಪುವುದು ಕಷ್ಟ, ಆಗ ಹೊಟ್ಟೆಯ ಚರ್ಮದ ಮೂಲಕ ಯಕೃತ್ತಿಗೆ ಕೊಳವೆ ಹಾಕುತ್ತಾರೆ.

ಒಂದು ಸಲ ಸ್ಟೆಂಟ್ ಹಾಕಿದರೆ ಮುಗಿಯಿತು ಎಂದು ಮಾತ್ರ ಭಾವಿಸಬೇಡಿ. ಪ್ಲಾಸ್ಟಿಕ್ ಸ್ಟೆಂಟ್ ಕಟ್ಟಿಕೊಳ್ಳುವುದರಿಂದ ಅದನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬದಲಿಸುತ್ತ, ಸಂಖ್ಯೆಯನ್ನೋ ಗಾತ್ರವನ್ನೋ ಹೆಚ್ಚಿಸುತ್ತ, ಸುಮಾರು ಒಂದು ವರ್ಷ ಮುಂದುವರಿಸಬೇಕಾಗುತ್ತದೆ. ಜ್ವರವಿಲ್ಲ, ಕಾಮಾಲೆಯಿಲ್ಲ, ಹಾಗಾಗಿ ಬದಲಾವಣೆಯನ್ನು ಮುಂದೂಡೋಣ ಎಂಬ ಯೋಚನೆ ಅಪಾಯಕಾರಿ. ಸ್ಟೆಂಟ್ ಹಾಕಿದ ದಿನವೇ ಮುಂದಿನ ಬದಲಾವಣೆಯ ದಿನಾಂಕ ಕೇಳಿ, ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ತಿರಸ್ಕಾರ ಮತ್ತು ಸೋಂಕು

ತಿರಸ್ಕಾರವೆಂದರೆ ಪಡೆದವರ ದೇಹ ಕಸಿಭಾಗವನ್ನು ಹೊರಗಿನದೆಂದು ಬಗೆದು ಅದರ ಮೇಲೆ ದಾಳಿ ಮಾಡುವುದು. ಅದನ್ನೂ ಸೋಂಕನ್ನೂ ಒಟ್ಟಿಗೆ ಹೇಳಲು ಕಾರಣವಿದೆ. ಎರಡರಲ್ಲೂ ಜ್ವರ, ಆಯಾಸ, ಏರಿದ ಲಿವರ್ ಎನ್‌ಜೈಮುಗಳು ಕಾಣಬಹುದು. ಆದರೆ ಒಂದಕ್ಕೆ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕು, ಇನ್ನೊಂದಕ್ಕೆ ತಗ್ಗಿಸಿದ್ದನ್ನು ಸಡಿಲಿಸಬೇಕಾಗಬಹುದು. ಆದ್ದರಿಂದಲೇ ವೈದ್ಯರು ಯಕೃತ್ತಿನಿಂದ ಸಣ್ಣ ತುಣುಕು ತೆಗೆದು ಬಯಾಪ್ಸಿ ಮಾಡಲು ಒತ್ತಾಯಿಸುವುದು. ಅದನ್ನು ಬೇಡವೆನ್ನಬೇಡಿ. ತೀವ್ರ ತಿರಸ್ಕಾರ ಹೆಚ್ಚಾಗಿ ಮೊದಲ ವಾರದ ನಂತರ ಮೊದಲ ಕೆಲವು ತಿಂಗಳಲ್ಲಿ ಬರುತ್ತದೆ, ಮತ್ತು ಹೆಚ್ಚಿನವರಲ್ಲಿ ಕೆಲವು ದಿನಗಳ ಸ್ಟೀರಾಯ್ಡ್ ಇಂಜೆಕ್ಷನ್ನಿಗೆ ಬಗ್ಗುತ್ತದೆ. ಕೇಳಲು ಭಯವಾಗುವ ಹೆಸರಾದರೂ, ಮಾತ್ರೆ ತಪ್ಪಿಸದವರಲ್ಲಿ ಇದರಿಂದ ಕಸಿಭಾಗವನ್ನೇ ಕಳೆದುಕೊಳ್ಳುವುದು ವಿರಳ.

ಸೋಂಕಿಗೂ ಕಾಲಕ್ರಮವಿದೆ. ಮೊದಲ ತಿಂಗಳು ಗಾಯ, ಶ್ವಾಸಕೋಶ, ಮೂತ್ರ, ರಕ್ತನಾಳದ ಕೊಳವೆಗಳಿಂದ ಬರುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ. ಒಂದರಿಂದ ಆರು ತಿಂಗಳ ನಡುವೆ ಸೈಟೊಮೆಗಾಲೊವೈರಸ್, ನ್ಯೂಮೊಸಿಸ್ಟಿಸ್ ನ್ಯುಮೋನಿಯಾ, ಸುಪ್ತವಾಗಿದ್ದ ಕ್ಷಯ. ವ್ಯಾಲ್‌ಗ್ಯಾನ್‌ಸಿಕ್ಲೋವಿರ್, ಕೋಟ್ರೈಮಾಕ್ಸಜೋಲ್‌ನಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ಕೊಡುವುದು ಇವುಗಳನ್ನು ತಡೆಯಲಿಕ್ಕೆ. ಚೆನ್ನಾಗಿದ್ದೇನೆ ಎಂದು ರೋಗಿ ಮೊದಲು ನಿಲ್ಲಿಸುವುದು ಇವನ್ನೇ.

ಅಪರೂಪದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ರಕ್ತಸಂಬಂಧಿಯೇ ದಾನಿಯಾಗಿ, ಇಬ್ಬರ ಎಚ್‌ಎಲ್‌ಎ (ದೇಹ ತನ್ನದು, ಹೊರಗಿನದು ಎಂದು ಗುರುತಿಸಲು ನೆರವಾಗುವ ಜೀವಕೋಶದ ಗುರುತು) ಒಂದು ನಿರ್ದಿಷ್ಟ ರೀತಿಯಲ್ಲಿ ಹೋಲುತ್ತಿದ್ದರೆ, ಕಸಿಭಾಗದೊಂದಿಗೆ ಬಂದ ದಾನಿಯ ಬಿಳಿ ರಕ್ತಕಣಗಳು ಪಡೆದವರ ದೇಹವನ್ನೇ ಆಕ್ರಮಿಸಬಹುದು. ಕೆಲವು ವಾರಗಳ ನಂತರ ಜ್ವರ, ಮೈಮೇಲೆ ಕೆಂಪು ದದ್ದು, ಭೇದಿ, ರಕ್ತಕಣಗಳ ಇಳಿತ ಒಟ್ಟಿಗೆ ಬರುತ್ತವೆ. ಯಕೃತ್ತಿನ ಪರೀಕ್ಷೆಗಳು ಚೆನ್ನಾಗಿಯೇ ಇರುವುದರಿಂದ ಇದನ್ನು ಔಷಧಿಯ ಅಲರ್ಜಿ ಎಂದು ಕಡೆಗಣಿಸುವ ಸಂಭವವಿದೆ. ಮಾರಕವಾದ ತೊಡಕು ಇದು. ದದ್ದು ಕಂಡ ದಿನವೇ ಫೋಟೊ ತೆಗೆದು ತಂಡಕ್ಕೆ ಕಳಿಸಿ.

ಮನೆಯಲ್ಲಿ ಮಾತ್ರೆಗಳ ನಿರ್ವಹಣೆ

ತಿರಸ್ಕಾರ ತಡೆಯುವ ಮುಖ್ಯ ಔಷಧಿಯಾದ ಟ್ಯಾಕ್ರೊಲಿಮಸ್‌ನ ಸಾಮಾನ್ಯ ಬಗೆಯನ್ನು 12 ಗಂಟೆಗಳ ಅಂತರದಲ್ಲಿ ದಿನಕ್ಕೆರಡು ಬಾರಿ ತೆಗೆದುಕೊಳ್ಳಬೇಕು. ರಕ್ತದಲ್ಲಿ ಅದರ ಮಟ್ಟ ಅಳೆಯುವ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗಬೇಕು. ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಮಟ್ಟ ಸುಳ್ಳುಸುಳ್ಳೇ ಹೆಚ್ಚಾಗಿ ಕಂಡು, ವೈದ್ಯರು ಪ್ರಮಾಣ ತಗ್ಗಿಸಿ, ಅದರಿಂದ ತಿರಸ್ಕಾರಕ್ಕೆ ದಾರಿಯಾಗಬಹುದು. ಹಿಂದಿನ ರಾತ್ರಿ ಮಾತ್ರೆ ತೆಗೆದುಕೊಂಡ ಸಮಯ ಮತ್ತು ರಕ್ತ ಕೊಟ್ಟ ಸಮಯ ಎರಡನ್ನೂ ಚೀಟಿಯಲ್ಲಿ ಬರೆಯಿರಿ. ಕೈ ನಡುಕ, ತಲೆನೋವು, ರಕ್ತದಲ್ಲಿ ಏರಿದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸದ ಅಳತೆ) ಅಥವಾ ಪೊಟ್ಯಾಸಿಯಮ್, ಇವು ಟ್ಯಾಕ್ರೊಲಿಮಸ್ ಮಟ್ಟ ಹೆಚ್ಚಾಗಿರುವುದರ ಸೂಚನೆ. ಭೇದಿಯಾದಾಗಲೂ ಮಟ್ಟ ಏರುವುದುಂಟು.

ಬೇರೆ ವೈದ್ಯರು ಬರೆದುಕೊಟ್ಟ ಔಷಧಿಯಿಂದ ಆಗುವ ಹಾನಿ ಪೂರ್ತಿ ತಪ್ಪಿಸಬಹುದಾದದ್ದು. ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್, ಫ್ಲುಕೊನಜೋಲ್ ಮುಂತಾದವು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆಗೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಇಳಿಸುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳು ಈಗಾಗಲೇ ಒತ್ತಡದಲ್ಲಿರುವ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಗ್ರೇಪ್‌ಫ್ರೂಟ್ ಹಣ್ಣೂ ಗಿಡಮೂಲಿಕೆಯ ಔಷಧಿಗಳೂ ಬೇಡ. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗದೆ, ತಂಡವನ್ನು ಕೇಳಿ. ತಿರಸ್ಕಾರ ತಡೆಯಲು ಕೊಡುವ ಇನ್ನೊಂದು ಔಷಧಿ ಮೈಕೊಫೆನೊಲೇಟ್ ತೆಗೆದುಕೊಳ್ಳುವ ಮಹಿಳೆ ಗರ್ಭಿಣಿಯಾಗುವಂತಿಲ್ಲ, ಮಗು ಬೇಕೆಂದಿದ್ದರೆ ಔಷಧಿ ಬದಲಿಸಲು ಮೊದಲೇ ಮಾತಾಡಬೇಕು. ಜೀವಂತ ಸೂಕ್ಷ್ಮಾಣುಗಳಿರುವ ಲಸಿಕೆಗಳನ್ನು ಸಾಮಾನ್ಯವಾಗಿ ಹಾಕಿಸಿಕೊಳ್ಳುವಂತಿಲ್ಲ.

ವರ್ಷ ಕಳೆದ ಮೇಲೆ ತೊಡಕುಗಳ ಸ್ವರೂಪವೇ ಬದಲಾಗುತ್ತದೆ. ಮಧುಮೇಹ, ರಕ್ತದೊತ್ತಡ, ಕೊಬ್ಬಿನ ಏರಿಕೆ, ಮೂತ್ರಪಿಂಡದ ನಿಧಾನ ಕುಸಿತ, ಚರ್ಮದ ಹಾಗೂ ದುಗ್ಧಗ್ರಂಥಿಗಳ ಕ್ಯಾನ್ಸರ್ ಮುನ್ನೆಲೆಗೆ ಬರುತ್ತವೆ. ಮೂಲ ಕಾಯಿಲೆಯೂ ಮರಳಬಹುದು: ಹೆಪಟೈಟಿಸ್ ಬಿ ಇದ್ದವರು ವೈರಸ್ ತಡೆಯುವ ಮಾತ್ರೆಯನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸಬಾರದು, ಯಕೃತ್ತಿನ ಕ್ಯಾನ್ಸರಿಗಾಗಿ ಕಸಿಯಾದವರು ಸ್ಕ್ಯಾನ್ ತಪ್ಪಿಸಬಾರದು, ಮದ್ಯದಿಂದ ಯಕೃತ್ತು ಕಳೆದುಕೊಂಡವರು ಮತ್ತೆ ಅದನ್ನು ಮುಟ್ಟಬಾರದು.

ಫೋನ್ ಮಾಡಬೇಕಾದ ಹೊತ್ತು

38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಚಳಿ ನಡುಕ, ಕಣ್ಣು ಹಳದಿ, ಕಪ್ಪು ಮಲ ಅಥವಾ ರಕ್ತವಾಂತಿ, ಗೊಂದಲದ ಮಾತು ಅಥವಾ ಹಗಲಿಡೀ ಮಂಪರು, ಮೂತ್ರ ಕಡಿಮೆಯಾಗುವುದು, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿ, ಕೆಲವೇ ದಿನಗಳಲ್ಲಿ ಎರಡು ಮೂರು ಕೆಜಿ ತೂಕ ಏರಿ ಹೊಟ್ಟೆ ಬಿಗಿಯಾಗುವುದು. ಇವುಗಳಲ್ಲಿ ಒಂದಾದರೂ ಕಂಡರೆ ಅದೇ ದಿನ ಕರೆ ಮಾಡಬೇಕು. ಸ್ಟೀರಾಯ್ಡ್ ಜ್ವರವನ್ನೂ ಹೊಟ್ಟೆನೋವನ್ನೂ ಮರೆಮಾಚುವುದರಿಂದ ಸಣ್ಣ ಜ್ವರವೂ ದೊಡ್ಡ ಸೋಂಕಿನದ್ದಾಗಿರಬಹುದು. ಮನೆಯಲ್ಲೇ ಜ್ವರದ ಮಾತ್ರೆ ಕೊಟ್ಟು ನೋಡಬೇಡಿ.

ಕರೆ ಮಾಡುವಾಗ 'ಯಾಕೋ ಸರಿಯಿಲ್ಲ' ಎನ್ನುವುದಕ್ಕಿಂತ, ಕಸಿಯಾಗಿ ಎಷ್ಟು ದಿನವಾಯಿತು, ಜ್ವರ ಎಷ್ಟು, ಯಾವಾಗಿನಿಂದ, ಹಿಂದಿನ ಬಾರಿಯ ಬಿಲಿರುಬಿನ್, ಕ್ರಿಯಾಟಿನಿನ್ ಮತ್ತು ಟ್ಯಾಕ್ರೊಲಿಮಸ್ ಮಟ್ಟ ಎಷ್ಟಿತ್ತು, ಸ್ಟೆಂಟ್ ಇದೆಯೇ, ಹೊಸ ಔಷಧಿ ಏನಾದರೂ ಸೇರಿತೇ ಎಂಬುದನ್ನು ಹೇಳಿದರೆ ಆ ಕಡೆಯ ವೈದ್ಯರು ಅರ್ಧ ರೋಗನಿರ್ಣಯವನ್ನು ಫೋನಿನಲ್ಲೇ ಮಾಡಬಲ್ಲರು. ಡಿಸ್ಚಾರ್ಜ್ ಸಾರಾಂಶದ ಪ್ರತಿ, ಈಗಿನ ಮಾತ್ರೆಗಳ ಪಟ್ಟಿ, ಪಿತ್ತನಾಳವನ್ನು ಹೇಗೆ ಜೋಡಿಸಿದ್ದಾರೆ ಎಂಬ ವಿವರ, ಕಸಿ ತಂಡದ ತುರ್ತು ಸಂಖ್ಯೆ ಒಂದೇ ಕಡತದಲ್ಲಿರಲಿ. ಹತ್ತಿರದ ಬೇರೆ ಆಸ್ಪತ್ರೆಗೆ ಹೋಗಬೇಕಾದಾಗ ಅದನ್ನು ಅಲ್ಲಿನ ವೈದ್ಯರ ಕೈಗಿತ್ತು, ಮೊದಲ ಔಷಧಿ ಕೊಡುವ ಮುನ್ನವೇ ಕಸಿ ತಂಡದೊಂದಿಗೆ ಮಾತಾಡಲು ವಿನಂತಿಸಿಕೊಳ್ಳಿ. ಜೀವಕ್ಕೆ ಅಪಾಯವಿರುವ ಸ್ಥಿತಿಯಲ್ಲಿ ಮಾತ್ರ ಚಿಕಿತ್ಸೆ ಮೊದಲು, ಫೋನ್ ಆಮೇಲೆ. ದಾನಿಯದ್ದೂ ಇಂಥದೇ ಪ್ರತ್ಯೇಕ ಕಡತ ಇರಬೇಕು.